ಸಪ್ಪೊರೊಗೆ ಇನ್ಯಾರು ಬರ್ತೀರಿ?

"ದ್ವಾರಕನಾಥ್ ಅಂಕಲ್ ಕೂಡ ಬರ್ತಾರಂತೆ," ಎಂದ ನವನೀತ್, ಸಿಹಿ ಸುದ್ದಿ ತಂದವನ ಮುಖ ಮಾಡಿಕೊಂಡು.

ಗಾರ್ಗಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿ, ತಿಂಡಿ ಅಂಗಡಿಗಳು ತುಂಬಿದ ಹಾಕರ್ ಸೆಂಟರ್‌ನಲ್ಲಿ, ಭಾನುವಾರ ಬೆಳಗ್ಗೆ ಫ್ಯಾನಿನ ಕೆಳಗೆ ಮೇಜು ಸಿಗುವುದೇ ಒಂದು ಭಾಗ್ಯ. ಅಂಥ ಭಾಗ್ಯ ಒದಗಿದ ದಿನ ಕೇಳಬೇಕಾದ ಮಾತು ಇದಾಗಿರಲಿಲ್ಲ.

"ಎಲ್ಲಿಗೆ ಬರ್ತಾರಂತೆ?"

"ಸಪ್ಪೊರೊಗೆ. ಸ್ನೋ ಫೆಸ್ಟಿವಲ್‌ಗೆ. ನಿನ್ನೆ ಕನ್ನಡ ಸಂಘದ ರಾಜ್ಯೋತ್ಸವ ಪ್ರೋಗ್ರಾಮಲ್ಲಿ ಸಿಕ್ಕಿದ್ರು. ಫೆಬ್ರವರೀಲಿ ಹೋಗ್ತಿದೀವಿ ಅಂದೆ. ಓಹೋ, ಒಳ್ಳೇದಪ್ಪ ಅಂದ್ರು. ನೀವೂ ಬನ್ನಿ ಅಂಕಲ್ ಅಂದೆ."

"ಬನ್ನಿ ಅಂದೆ."

"ಅನ್ನದೇ ಇರೋಕಾಗುತ್ತಾ?"

ಆಗುವುದಿಲ್ಲ, ನಿಜ. ನಮ್ಮ ಕಡೆ ಊಟಕ್ಕೆ ಕೂತವನು ಎದುರಿಗೆ ಬಂದವರಿಗೆ 'ಬನ್ನಿ, ಊಟಕ್ಕೆ' ಎನ್ನಬೇಕು. ಬಂದವರು 'ಇಲ್ಲ, ಈಗಷ್ಟೇ ಆಯ್ತು' ಎನ್ನಬೇಕು. ಕರೆದವನ ತಟ್ಟೆಯಲ್ಲಿ ಉಳಿದಿರುವುದೇ ಎರಡು ತುತ್ತು, ಬಂದವರ ಹೊಟ್ಟೆ ಬೆಳಗಿನಿಂದ ಖಾಲಿ. ಆದರೂ ಈ ನಾಟಕದಲ್ಲಿ ಯಾರೂ ತಮ್ಮ ಮಾತು ತಪ್ಪುವುದಿಲ್ಲ. ನವನೀತ್ ತನ್ನ ಪಾಲಿನದನ್ನು ಸರಿಯಾಗಿಯೇ ಹೇಳಿದ್ದ. ಸಿಂಗಪುರದಲ್ಲಿ ಅರ್ಧ ಆಯುಷ್ಯ ಕಳೆದ ದ್ವಾರಕನಾಥ್ ಅಂಕಲ್‌ಗೆ ತಮ್ಮ ಪಾಲಿನದು ಮರೆತುಹೋಗಿತ್ತು.

"ಕಾಮಾಕ್ಷಿ ಆಂಟಿ ಜನ್ಮದಲ್ಲಿ ಹಿಮ ನೋಡಿಲ್ವಂತೆ ಕಣೇ. ಅದನ್ನ ಹೇಳ್ತಾ ಅಂಕಲ್ ಕಣ್ಣಲ್ಲಿ ನೀರು ಬಂದುಬಿಡ್ತು."

"ನನಗೂ ಬರ್ತಿದೆ," ಎಂದಳು ಗಾರ್ಗಿ.

ಈ ಪ್ರವಾಸದ ಹಿನ್ನೆಲೆ ಇಷ್ಟು. ಗಾರ್ಗಿಯ ಕಂಪನಿ ಅವಳನ್ನು ಎರಡು ವರ್ಷದ ಮಟ್ಟಿಗೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಕಳಿಸುತ್ತೇನೆ ಎಂದಿತ್ತು. ಕೆಲಸ ಈಗಿನದೇ, ಕುರ್ಚಿ ಮಾತ್ರ ಸ್ವಲ್ಪ ದೊಡ್ಡದು. ಉತ್ತರ ಕೊಡಲು ಚೈನೀಸ್ ನ್ಯೂ ಇಯರ್ ರಜೆ ಮುಗಿಯುವ ತನಕ ಸಮಯ. ಸುದ್ದಿಯನ್ನು ಅವಳು ಮೊದಲು ಹೇಳಿದ್ದು ನವನೀತ್‌ಗೆ, ಜನ ತುಂಬಿದ ಎಂಆರ್‌ಟಿ ರೈಲಿನಲ್ಲಿ, ಇಬ್ಬರೂ ಒಂದೇ ಕಂಬ ಹಿಡಿದು ನಿಂತಿದ್ದಾಗ. ಅವನ ಮುಖದಲ್ಲಿ ಏನಾಗುತ್ತದೆ ಎಂದು ನೋಡಲು ಅದಕ್ಕಿಂತ ಹತ್ತಿರದ ಜಾಗ ಇರಲಿಲ್ಲ.

ಏನೂ ಆಗಲಿಲ್ಲ. "ಸೂಪರ್, ಕಂಗ್ರಾಟ್ಸ್," ಎಂದ. ಆಮೇಲೆ ಬಾಗಿಲ ಮೇಲಿನ ಸ್ಟೇಷನ್‌ಗಳ ನಕ್ಷೆಯನ್ನು, ದಿನಾ ನೋಡುವ ಅದೇ ನಕ್ಷೆಯನ್ನು, ನಿನ್ನೆ ತಾನೇ ಈ ಊರಿಗೆ ಬಂದವನಂತೆ ಓದತೊಡಗಿದ. ತಾನು ಇಳಿಯಬೇಕಾದ ಕಲ್ಲಾಂಗ್ ದಾಟಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಅಲ್ಲಿ ಚಳಿ ಅಲ್ವಾ?" ಎಂದ ಕೊನೆಗೆ.

"ಇರುತ್ತೆ."

"ನಿನಗೆ ಆಫೀಸಿನ ಏಸಿಗೇ ಶಾಲು ಬೇಕು."

"ನೋಡ್ಬೇಕು, ತಡ್ಕೊಳ್ತೀನಾ ಅಂತ."

"ಹೋಗೋ ಮುಂಚೆ ಎಲ್ಲಾದ್ರೂ ಟೆಸ್ಟ್ ಮಾಡು. ಜಪಾನಿನ ಸಪ್ಪೊರೊ ಥರ. ಫೆಬ್ರವರೀಲಿ ಅಲ್ಲಿ ಹಿಮದಲ್ಲೇ ದೊಡ್ಡ ದೊಡ್ಡ ಬಿಲ್ಡಿಂಗ್ ಮಾಡಿ ನಿಲ್ಲಿಸ್ತಾರಂತೆ."

"ನೀನೂ ಬರ್ತೀಯಾ?"

ಅವನು ನಕ್ಷೆಯಿಂದ ಕಣ್ಣು ಕಿತ್ತು ಅವಳ ಮೇಲಿಟ್ಟ. ರೈಲು ತಿರುವಿನಲ್ಲಿ ಓಲಿತು. ಕಂಬದ ಮೇಲೆ ಅವನ ಕೈ ಜಾರಿ ಅವಳ ಕೈಗೆ ತಾಗಿ, ಬೆಂಕಿ ಮುಟ್ಟಿದಂತೆ ಮೇಲೇರಿತು. "ಬರ್ತೀನಿ," ಎಂದ. ಆ ಒಂದು ಪದವನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ಅವಳು ಅದನ್ನು ಜೋಪಾನವಾಗಿ ಮನೆ ತನಕ ಒಯ್ದಳು.

ಗಾರ್ಗಿಗೆ ಹೆಲ್ಸಿಂಕಿಯ ಮೇಲೆ ದ್ವೇಷವಿರಲಿಲ್ಲ, ಆಸೆಯೂ ಇರಲಿಲ್ಲ. ಸಿಂಗಪುರದಲ್ಲೇ ಉಳಿಯಲು ಅವಳಿಗೆ ಒಂದು ಕಾರಣ ಸಾಕಿತ್ತು. ಆ ಕಾರಣ ತಾನಾಗಿ ಬಾಯಿ ಬಿಡಬೇಕಿತ್ತು, ಅಷ್ಟೇ. ಈಗ ಆ ಕಾರಣ ಎದುರಿಗೆ ಕೂತು, ಪ್ರಾಟಾ ಮುರಿದು, ಬೇಳೆ ಸಾರಿನಲ್ಲಿ ಅದ್ದಿ, ನೆಮ್ಮದಿಯಿಂದ ತಿನ್ನುತ್ತಿತ್ತು.

ಮೊದಲು ಈ ಪ್ಲಾನಿನಲ್ಲಿ ಮೂವರಿದ್ದರು. ಮೂರನೆಯವಳು ಗಾರ್ಗಿಯ ಫ್ಲಾಟ್‌ಮೇಟ್ ಸಮೃದ್ಧಿ. ಹೋದ ವಾರ ಅವಳು ಲೀವ್ ಸಿಗಲಿಲ್ಲ ಎಂದು ಹಿಂದೆ ಸರಿದಿದ್ದಳು. ನವನೀತ್ ಮನೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಜ ಹೇಳಿದಳು.

"ಲೀವ್ ಸಿಕ್ಕಿದೆ ಕಣೇ. ಏಳು ಗಂಟೆ ಹೊತ್ತು ಫ್ಲೈಟಲ್ಲಿ ನಿಮ್ಮಿಬ್ಬರ ಮಧ್ಯೆ ಕೂತ್ಕೊಂಡು ನಾನೇನು ಮಾಡ್ಲಿ, ಮೋಡ ಎಣಿಸ್ಲಾ? ಇಬ್ಬರೇ ಹೋಗ್ಬನ್ನಿ. ಅಲ್ಲೂ ಅವನು ಬಾಯಿ ಬಿಡದಿದ್ರೆ ಹಿಮದಲ್ಲೇ ಹೂತು ಬಾ."

ಹಾಗೆ ಇಬ್ಬರೇ ಎಂದು ಆಗಿ ಇನ್ನೂ ಪೂರ್ತಿ ವಾರ ಕಳೆದಿರಲಿಲ್ಲ. ಅಷ್ಟರಲ್ಲಿ ಇವನು ಬನ್ನಿ ಎಂದು ಬಂದಿದ್ದ.

"ಬೇಜಾರಾಯ್ತಾ?" ಎಂದ ನವನೀತ್, ಪ್ರಾಟಾ ಬಿಟ್ಟು.

"ಇಲ್ಲಪ್ಪ. ನನಗ್ಯಾಕೆ ಬೇಜಾರು?"

ಅವನು ಅವಳ ಹುಬ್ಬನ್ನು, ಮೂಗನ್ನು, ತುಟಿಯ ಅಂಚನ್ನು ಒಂದೊಂದಾಗಿ ಪರೀಕ್ಷಿಸಿದ. ಸುಳ್ಳು ಮೂರು ಕಡೆಯೂ ಎದ್ದು ಕಾಣುತ್ತಿತ್ತು. ನೋಡಲು ಬಲ್ಲ, ಓದಲು ಬಾರದು. ಮತ್ತೆ ಪ್ರಾಟಾ ಕಡೆ ತಿರುಗಿದ.

*

ಆಮೇಲೆ ಆದದ್ದನ್ನು ಪ್ಲಾನಿಂಗ್ ಎನ್ನುವುದಕ್ಕಿಂತ ನೆರೆ ಎನ್ನುವುದು ಸರಿ. ಕಾಮಾಕ್ಷಿ ಆಂಟಿ ಹೊರಟರೆಂದು ಅವರ ಯೋಗ ಕ್ಲಾಸಿನ ಗೆಳತಿ ಹೊರಟರು. ಗೆಳತಿ ಹೊರಟರೆಂದು ಅವರ ಗಂಡ. ಗಂಡನಿಗೆ ಬೆನ್ನು ನೋವು, ಸೂಟ್‌ಕೇಸ್ ಎತ್ತಲು ಒಬ್ಬರು ಬೇಕೆಂದು ಅವರ ಭಾವಮೈದುನ.

ಗಾರ್ಗಿಯೂ ಪೂರ್ತಿ ನಿರಪರಾಧಿಯಲ್ಲ. ಒಂದು ಸಂಜೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಮೇಲಿನ ಮನೆಯ ಬೀದರ್ ದಂಪತಿ ಸಿಕ್ಕಿ, "ಚೈನೀಸ್ ನ್ಯೂ ಇಯರ್ ಲಾಂಗ್ ವೀಕೆಂಡ್‌ಗೆ ಏನ್ ಪ್ಲಾನು?" ಎಂದರು. ಆಗ ಅವಳಿಗೆ ನವನೀತ್ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಜನ ಬೇಕಂತಲ್ಲ ಇವನಿಗೆ, ತಗೋ ಜನ, ಎಂದುಕೊಂಡು, "ಸಪ್ಪೊರೊ. ನೀವೂ ಬನ್ನಿ," ಎಂದಳು. ಅವರೂ ತಮ್ಮ ಪಾಲಿನ ಮಾತನ್ನು ಮರೆತವರೇ. ಅವರ ಇಬ್ಬರು ಮಕ್ಕಳು "ಸ್ನೋ ಲಾ! ರಿಯಲ್ ಸ್ನೋ ಲಾ!" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಕೂಗುತ್ತ ಲಿಫ್ಟಿನ ತನಕ ಕುಣಿದುಕೊಂಡು ಹೋದವು.

ಗಾರ್ಗಿ ಆರಂಭಿಸಿದ್ದ ವಾಟ್ಸ್ಯಾಪ್ ಗ್ರೂಪಿಗೆ ದ್ವಾರಕನಾಥ್ ಅಂಕಲ್ 'ಹಿಮ ಕನ್ನಡಿಗರು' ಎಂದು ಹೆಸರಿಟ್ಟರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆಗಳು ಬೀಳುತ್ತಿದ್ದವು. ಅಲ್ಲಿ ಮೊಸರು ಸಿಗುತ್ತಾ? ಆ ಚಳಿಗೆ ಹೆಪ್ಪು ಕೂರುತ್ತಾ? ನಮ್ಮ ರೈಸ್ ಕುಕ್ಕರ್ ಅಲ್ಲಿನ ಪ್ಲಗ್ಗಿಗೆ ಆಗುತ್ತಾ? ಜಪಾನಿನವರ ದೇಶಕ್ಕೆ ರೈಸ್ ಕುಕ್ಕರ್ ಹೊತ್ತುಕೊಂಡು ಹೋಗುವುದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಪ್ರತಿ ಪ್ರಶ್ನೆಗೂ ಗಾರ್ಗಿ ಉತ್ತರ ಹುಡುಕುತ್ತಿದ್ದಳು, ವೀಸಾ ಅರ್ಜಿಗೆ ಎಲ್ಲರ ಫೋಟೋ ಕೇಳುತ್ತಿದ್ದಳು. ನವನೀತ್ ಪ್ರತಿಯೊಂದಕ್ಕೂ ಒಂದು ಹೆಬ್ಬೆರಳು ಎತ್ತುತ್ತಿದ್ದ.

ಒಂದು ದಿನ ಅಂಕಲ್ ರೂಮುಗಳ ಹಂಚಿಕೆ ಪ್ರಕಟಿಸಿದರು. 'ಮಕ್ಕಳಿರುವವರು ಒಂದು ಕಡೆ. ಗಾರ್ಗಿ ಹೆಂಗಸರ ರೂಮಿನಲ್ಲಿ. ನವನೀತ್ ನನ್ನ ಜೊತೆ. ನಾನು ಗೊರಕೆ ಹೊಡೆಯುತ್ತೇನೆಂದು ಕಾಮಾಕ್ಷಿ ಹೇಳುತ್ತಾಳೆ. ನನಗಂತೂ ಯಾವತ್ತೂ ಕೇಳಿಸಿಲ್ಲ.'

ನವನೀತ್ ಅದಕ್ಕೂ ಹೆಬ್ಬೆರಳು ಎತ್ತಿದ.

ಗಾರ್ಗಿ ಫೋನ್ ಮಾಡಿದಳು. "ಆ ಹೆಬ್ಬೆರಳನ್ನ ಕತ್ತರಿಸಿ ಹಾಕ್ತೀನಿ."

"ಏನಾಯ್ತು?"

"ಇನ್ಯಾರನ್ನೂ ಕರೆಯೋಕೆ ಉಳಿದಿಲ್ವಾ? ನಿಮ್ಮ ಬ್ಲಾಕ್ ಗುಡಿಸೋ ಅಂಕಲ್? ನಿನ್ನ ಡೆಂಟಿಸ್ಟು?"

"ಬೀದರ್‌ನವರನ್ನ ಕರೆದಿದ್ದು ನೀನು, ಗಾರ್ಗಿ."

"ಶುರು ಮಾಡಿದ್ದು ನೀನು!"

"ಆಯ್ತು, ಕೂಗ್ಬೇಡ. ಕೇಳಿಲ್ಲಿ, ಹಿಮದಲ್ಲಿ ಜಾರದೇ ಇರೋ ಶೂ ನೋಡಿಟ್ಟಿದೀನಿ ನಿನಗೆ. ಲಿಂಕ್ ಕಳ್ಸಿದೀನಿ." ಆಮೇಲೆ ಸೇರಿಸಿದ: "ಹೆಲ್ಸಿಂಕಿಗೂ ಆಗುತ್ತೆ ಅದು."

ಗಾರ್ಗಿ ಫೋನ್ ಇಟ್ಟಳು. ಜಾರದ ಶೂ ಹುಡುಕಿಕೊಡುವ ಗಂಡಸರು ಎರಡು ಬಗೆ: ಜೊತೆಯಲ್ಲಿ ನಡೆಯುವವರು, ಬಾಗಿಲ ತನಕ ಬಂದು ಕಳಿಸಿಕೊಡುವವರು. ಇವನು ಯಾವ ಬಗೆ ಎಂದು ಅವಳಿಗೆ ತಿಳಿದುಹೋಯಿತು. ರಜೆ ಮುಗಿಯುವ ತನಕ ಕಾಯುವುದು ಯಾವ ಚೆಂದಕ್ಕೆ? ಲ್ಯಾಪ್‌ಟಾಪ್ ತೆರೆದು, ಹೆಲ್ಸಿಂಕಿಗೆ ಹೂಂ ಎಂದು ಬರೆಯಲು ಕೂತಳು.

ಸಮೃದ್ಧಿ ಹಿಂದಿನಿಂದ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. "ಶನಿವಾರ ಆಂಟಿ ಮನೇಲಿ ಜಾಕೆಟ್ ನೋಡೋಕೆ ಹೋಗ್ತಿದೀರಲ್ಲ ಇಬ್ಬರೂ. ಅದೊಂದು ಆಗಲಿ. ಆಮೇಲೆ ಫಿನ್‌ಲ್ಯಾಂಡಿಗಾದ್ರೂ ಹೋಗು, ಚಂದ್ರಲೋಕಕ್ಕಾದ್ರೂ ಹೋಗು."

*

ಸಿಂಗಪುರದಲ್ಲಿ ಯಾರ ಮನೆಯಲ್ಲೂ ಚಳಿಗಾಲದ ಜಾಕೆಟ್ ಇರುವುದಿಲ್ಲ, ಎಲ್ಲರಿಗೂ ಎಂದಾದರೊಮ್ಮೆ ಬೇಕಾಗುತ್ತದೆ. ಹಾಗಾಗಿ ನಮ್ಮವರ ನಡುವೆ ಒಂದಷ್ಟು ಜಾಕೆಟ್‌ಗಳು ವರ್ಷಗಳಿಂದ ಮನೆಯಿಂದ ಮನೆಗೆ ತಿರುಗುತ್ತಿವೆ. ಯಾರೋ ಸ್ವಿಟ್ಜರ್‌ಲ್ಯಾಂಡಿಗೆಂದು ಕೊಂಡದ್ದು, ಯಾರೋ ಮನಾಲಿಯಿಂದ ತಂದದ್ದು, ಯಾರದೆಂದು ಯಾರಿಗೂ ನೆನಪಿಲ್ಲದ್ದು. ಪ್ರವಾಸ ಮುಗಿದ ಮೇಲೆ ಅವೆಲ್ಲ ಬಂದು ಸೇರುವುದು ಆಂಗ್ ಮೋ ಕಿಯೋದ ಕಾಮಾಕ್ಷಿ ಆಂಟಿಯ ಬಾಂಬ್ ಶೆಲ್ಟರಿಗೆ. ಇಲ್ಲಿನ ಹೊಸ ಸರ್ಕಾರಿ ಫ್ಲಾಟುಗಳಲ್ಲಿ ಮನೆಗೊಂದು ದಪ್ಪ ಗೋಡೆಯ, ಉಕ್ಕಿನ ಬಾಗಿಲಿನ ಪುಟ್ಟ ಕೋಣೆ ಕಟ್ಟಿರುತ್ತಾರೆ, ಯುದ್ಧ ಬಂದರೆ ಒಳಗೆ ಕೂರಲಿ ಎಂದು. ಯುದ್ಧ ಬರಲಿಲ್ಲ, ಜನ ಅಕ್ಕಿ ಚೀಲ ಇಟ್ಟುಕೊಂಡರು. ಆಂಟಿ ಜಾಕೆಟ್ ಇಟ್ಟುಕೊಂಡರು. ಊರವರ ಚಳಿಯನ್ನೆಲ್ಲ ಮಡಿಚಿ, ನುಸಿಗುಳಿಗೆ ಹಾಕಿ ಕಾಪಾಡಿದ ಆ ಹೆಂಗಸು ಸ್ವತಃ ಹಿಮ ನೋಡಿರಲಿಲ್ಲ.

"ಒಂದೊಂದಾಗಿ ಹಾಕ್ಕೊಂಡು ನೋಡಿ," ಎಂದರು ಆಂಟಿ. "ಕುಕ್ಕರ್ ಇಟ್ಟಿದೀನಿ, ಬಂದೆ. ಊಟ ಮಾಡ್ಕೊಂಡೇ ಹೋಗ್ಬೇಕು, ಈಗಲೇ ಹೇಳ್ತಿದೀನಿ."

ಹೊರಗೆ ಬಿಸಿಲು ಕಾರ್ ಪಾರ್ಕನ್ನು ಕಾಯಿಸುತ್ತಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಗಾರ್ಗಿ ಮೊಣಕಾಲು ಮುಟ್ಟುವ ನೇರಳೆ ಜಾಕೆಟ್‌ನೊಳಗೆ ನಿಂತಿದ್ದಳು. ನವನೀತ್ ಹಾಕಿಕೊಂಡ ಕಪ್ಪು ಜಾಕೆಟ್‌ನ ಝಿಪ್ಪು ಗಲ್ಲದ ತನಕ ಸರಾಗವಾಗಿ ಏರಿ, ಅಲ್ಲಿ ಬಟ್ಟೆ ಕಚ್ಚಿಕೊಂಡು ನಿಂತುಬಿಟ್ಟಿತು.

"ಬರ್ತಿಲ್ಲ," ಎಂದ, ಕಾಲರಿನೊಳಗಿಂದ.

"ಎಳೀಬೇಡ, ಹಾಳಾಗುತ್ತೆ. ಇಲ್ಲಿ ಬಾ."

ಅವಳು ಅವನ ಗಲ್ಲದ ಕೆಳಗೆ ಬೆರಳು ತೂರಿಸಿ ಝಿಪ್ಪನ್ನು ಅತ್ತಿತ್ತ ಅಲುಗಿಸಿದಳು. ಅವನ ಹಣೆಯಿಂದ ಬೆವರ ಹನಿಯೊಂದು ಹೊರಟು, ಹುಬ್ಬಿನಲ್ಲಿ ಯೋಚಿಸಿ, ಮೂಗಿನ ಪಕ್ಕದಿಂದ ಇಳಿಯಿತು. ಅವನು ಚಾವಣಿ ನೋಡಿದ. ಚಾವಣಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕಣ್ಣು ಕೆಳಗಿಳಿದು ಅವಳ ಕಣ್ಣಿಗೆ ಸಿಕ್ಕಿತು, ಅಲ್ಲೇ ಉಳಿಯಿತು.

"ಅಲ್ಲಾಡ್ಬೇಡ."

"ಅಲ್ಲಾಡ್ತಿಲ್ಲ. ಕರಗ್ತಿದೀನಿ."

ಅವಳಿಗೆ ನಗು ಬಂತು. ಬಂದ ನಗುವನ್ನು ತಡೆಯಲು ತುಟಿ ಕಚ್ಚಿದಳು. ಅವನು ಆ ತುಟಿಯನ್ನು ನೋಡಿ, ಏನೋ ಹೇಳಲು ಬಾಯಿ ತೆರೆದ. ಗಾರ್ಗಿಯ ಬೆರಳುಗಳು ನಿಂತವು.

"ಈ ನೇರಳೆ ಜಾಕೆಟ್ ನಿನಗೆ ಸರಿಯಾಗಿದೆ," ಎಂದ ನವನೀತ್. "ಹೆಲ್ಸಿಂಕಿಗೂ ಇದನ್ನೇ ತಗೊಂಡು ಹೋಗು. ಆಂಟೀನ ಕೇಳಿದೀನಿ, ಇಟ್ಕೊಳ್ಳಲಿ ಅಂದ್ರು."

ಗಾರ್ಗಿ ಝಿಪ್ಪನ್ನು ಬಿಟ್ಟಳು.

"ಎಷ್ಟು ಅರ್ಜೆಂಟೋ ನಿನಗೆ, ನನ್ನ ಕಳಿಸೋಕೆ?"

"ಕಳಿಸೋಕಾ? ನಾನಾ?"

"ಶೂ ಹುಡುಕ್ದೆ. ಜಾಕೆಟ್ ಹುಡುಕ್ದೆ. ಇನ್ನು ಟ್ಯಾಕ್ಸಿ ಕರೆಯೋದು ಒಂದು ಬಾಕಿ. ಇಷ್ಟು ದಿನದಲ್ಲಿ ಒಂದೇ ಒಂದು ಸಲ ಹೋಗ್ಬೇಡ ಅಂದಿದೀಯಾ?"

"ಬೇಡ ಅನ್ನೋಕೆ ನಾನ್ಯಾರು?"

"ಅದನ್ನೇ ಕೇಳ್ತಿರೋದು! ಎರಡು ವರ್ಷದಿಂದ ಅದನ್ನೇ ಕೇಳ್ತಿದೀನಿ. ನೀನು ಯಾರು?"

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನವನೀತ್ ಬಾಗಿಲ ಕಡೆ ನೋಡಿದ. ಅವಳು ಬಾಗಿಲಿಗೂ ಅವನಿಗೂ ನಡುವೆ ನಿಂತಿದ್ದಳು. ಜಾಕೆಟ್ ಕಳಚಿ ಓಡುವಂತೆಯೂ ಇರಲಿಲ್ಲ.

"ಪ್ರಮೋಷನ್ ಬಂದಿದೆ ನಿನಗೆ," ಎಂದ ನಿಧಾನವಾಗಿ. "ಅದನ್ನ ಬಿಟ್ಟುಬಿಡು ಅನ್ನೋ ಗಂಡಸು ಎಂಥವನು? ಅಂಥವನು ನಾನಾಗಬಾರದು ಅಂತಿದ್ದೆ. ಅದಕ್ಕೆ ಶೂ ನೋಡ್ದೆ. ಕಾಲಾದ್ರೂ ಬೆಚ್ಚಗಿರಲಿ ಅಂತ."

"ಸರಿ. ಅಷ್ಟೂ ಜನಾನ ಯಾಕೆ ಕರೆದೆ? ನನ್ನ ಜೊತೆ ಒಬ್ಬನೇ ಬರೋಕೆ ಅಷ್ಟು ಭಯಾನಾ?"

"ನಾನು ಕರೆದಿದ್ದು ಅಂಕಲ್ ಒಬ್ಬರನ್ನ. ಸಮೃದ್ಧಿ ಬರಲ್ಲ ಅಂದ ದಿನ ನಿಮ್ಮಮ್ಮ ವಿಡಿಯೋ ಕಾಲ್ ಮಾಡಿದ್ರು, ನೆನಪಿದೆಯಾ? 'ಯಾರ್ಯಾರು ಹೋಗ್ತಿದೀರಿ' ಅಂತ ಕೇಳಿದ್ರು. ನೀನು ಫೋನನ್ನ ನನ್ನ ಕಡೆಯಿಂದ ಆ ಕಡೆಗೆ ತಿರುಗಿಸಿಬಿಟ್ಟೆ. ನನ್ನಿಂದ ನೀನು ಅಮ್ಮಂಗೆ ಸುಳ್ಳು ಹೇಳೋ ಹಾಗಾಯ್ತಲ್ಲ ಅನ್ನಿಸ್ತು. ದೊಡ್ಡವರು ಒಬ್ಬರು ಜೊತೇಲಿದ್ರೆ ನಿನಗೆ ಸಂಕೋಚ ಇರಲ್ಲ ಅಂತ..."

"ಅಯ್ಯೋ ದೇವರೇ." ಗಾರ್ಗಿ ಜಾಕೆಟ್‌ಗಳ ರಾಶಿಯ ಮೇಲೆ ಕುಸಿದು ಕೂತಳು. "ಅಮ್ಮ 'ಆ ನವನೀತ್ ಬರ್ತಾನಾ' ಅಂತ ಕೇಳೋಕೆ ಹೊರಟಿದ್ಲು ಕಣೋ. ನನ್ನ ಮುಖ ಕೆಂಪಾಗ್ತಿತ್ತು. ನೀನು ನೋಡಬಾರದು ಅಂತ ಫೋನ್ ಸಮೇತ ಆ ಕಡೆ ತಿರುಗ್ದೆ."

"ಕೆಂಪಾಗ್ತಿತ್ತಾ?"

"ಈಗಲೂ ಆಗಿದೆ. ಇದು ಜಾಕೆಟ್ಟಿಂದ."

ಅವನು ಅವಳ ಎದುರು ಮಂಡಿಯೂರಿ ಕೂತ. ಕಪ್ಪು ಜಾಕೆಟ್ ಅವನ ಸುತ್ತ ಹಾಸಿಗೆಯಂತೆ ಉಬ್ಬಿತು. ಗಂಭೀರವಾದ ಮಾತನ್ನು ಇಷ್ಟು ನಗೆಪಾಟಲಿನ ವೇಷದಲ್ಲಿ ಯಾರೂ ಆಡಿರಲಿಕ್ಕಿಲ್ಲ.

"ಹೋಗ್ಬೇಡ," ಎಂದ. "ಹೋಗ್ಲೇಬೇಕು ಅಂದ್ರೆ ಹೋಗು, ನಾನೂ ಅಲ್ಲಿ ಕೆಲಸ ಹುಡುಕ್ಕೊಂಡು ಹಿಂದೆ ಬರ್ತೀನಿ. ಅಲ್ಲಿ ಯಾವ ಭಾಷೆ ಇದೆಯೋ ಅದನ್ನ ಕಲೀತೀನಿ. ಆದ್ರೆ ನನ್ನ ಕೇಳಿದ್ರೆ, ಹೋಗ್ಬೇಡ. ಭಾನುವಾರ ನೀನಿಲ್ಲದೆ ಆ ಪ್ರಾಟಾ ನನಗೆ ಇಳಿಯಲ್ಲ. ಅದು ಚೆನ್ನಾಗೇನೂ ಇರಲ್ಲ, ನಿನಗೂ ಗೊತ್ತು. ಕಲ್ಲಾಂಗಿಂದ ಅಷ್ಟು ದೂರ ರೈಲಲ್ಲಿ ಯಾಕೆ ಬರ್ತೀನಿ ಅಂದ್ಕೊಂಡಿದೀಯಾ?"

ಗಾರ್ಗಿ ಅವನನ್ನೇ ನೋಡಿದಳು. "ಇದು ಅಂಕಲ್‌ಗೆ ಬನ್ನಿ ಅಂದ ಥರ ಅಲ್ವಲ್ಲ? ಬಾಯಿಮಾತಿಗೆ?"

"ಅಲ್ಲ."

"ಬೆವರಿನ ಜೋರಿಗೆ ಬಂದಿದ್ದಲ್ಲ?"

"ಅಲ್ಲ ಕಣೇ."

"ನೋಡ್ಬೇಕು," ಎಂದಳು, ಕಂಬನಿ ಒರೆಸಲು ತೋಳು ಹುಡುಕುತ್ತ. ನೇರಳೆ ತೋಳು ಅವಳ ಬೆರಳಿಗಿಂತ ಒಂದು ಗೇಣು ಉದ್ದವಿತ್ತು. "ಅವರಿಗೆ ಉತ್ತರ ಕೊಡೋಕೆ ಇನ್ನೂ ಟೈಮಿದೆ. ಅಲ್ಲೀ ತನಕ ನನಗೆ ನಿನ್ನ ಜೊತೆ ಒಂದು ವೀಕೆಂಡ್ ಬೇಕು. ಯಾರೂ ಇಲ್ಲದೆ. ಸಪ್ಪೊರೊದಲ್ಲಿ ಅದಾಗಲ್ಲ, ನೀನು ಅಂಕಲ್ ಗೊರಕೆ ಕೇಳ್ತಾ ಮಲಗಿರ್ತೀಯ."

"ಬರಬೇಡಿ ಅಂತ ಹೇಳೋಣ್ವಾ?"

"ಯಾರಿಗೆ? ಆಂಟಿಗಾ?"

ಇಬ್ಬರೂ ಸುತ್ತಲಿನ ಜಾಕೆಟ್‌ಗಳನ್ನು ನೋಡಿದರು. ಅದು ಆಗದ ಮಾತು. ಬೀದರ್‌ನ ಮಕ್ಕಳಿಗೂ ಹೇಳಲಾಗದು. ಕರೆಯುವುದಕ್ಕೆ ಒಂದು ಪದ ಸಾಕಾಗಿತ್ತು. ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ ಇಬ್ಬರಿಗೂ ಗೊತ್ತಿರಲಿಲ್ಲ.

"ಗಾರ್ಗಿ," ಎಂದ ನವನೀತ್. "ಇವರೆಲ್ಲ ಅಲ್ಲಿಗೆ ಹೋದ್ರೆ, ಇಲ್ಲಿ ಯಾರಿರ್ತಾರೆ?"

ಅವಳು ತಲೆಯೆತ್ತಿದಳು.

ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗು ಹೊರಬೀಳದಂತೆ ಒಬ್ಬರ ಬಾಯಿಗೆ ಒಬ್ಬರು ಜಾಕೆಟ್ ತೋಳು ಒತ್ತಿ ಹಿಡಿದರು. ನುಸಿಗುಳಿಗೆಯ ವಾಸನೆಗೆ ಕೆಮ್ಮಿದರು.

ಅಷ್ಟರಲ್ಲಿ ಕಾಮಾಕ್ಷಿ ಆಂಟಿ ಮೇಣದಬತ್ತಿ ಹಿಡಿದು ಒಳಬಂದರು. ನವನೀತ್‌ನ ಗಲ್ಲವನ್ನು ಒಂದು ಬೆರಳಿನಿಂದ ಎತ್ತಿ, ಝಿಪ್ಪಿಗೆ ಮೇಣ ಉಜ್ಜಿ, ಸರ್ರನೆ ಇಳಿಸಿದರು.

"ಜಗಳ ಆಡೋರು ಆ ಬಾಗಿಲು ಹಾಕ್ಕೊಂಡು ಆಡ್ಬೇಕು," ಎಂದರು. "ಬಾಂಬಿನ ಸದ್ದೇ ಒಳಗೆ ಬರದ ಹಾಗೆ ಮಾಡಿದಾರೆ. ನಿಮ್ಮ ಸದ್ದು ಹೊರಗೆ ಬರ್ತಿತ್ತಾ?"

ಗಾರ್ಗಿ ನೇರಳೆ ಕಾಲರಿನೊಳಗೆ ಮುಖ ಮುಚ್ಚಿಕೊಂಡಳು.

"ಆಂಟಿ, ನಾವಿಬ್ಬರೂ ಬರಲ್ಲ ಅಂತ ಅಂಕಲ್‌ಗೆ ಹೇಗೆ ಹೇಳೋದು? ಟಿಕೆಟ್ಟೂ ಆಗಿಹೋಗಿದೆ," ಎಂದ ನವನೀತ್.

"ನಿಮ್ಮ ಟಿಕೆಟ್ ಹಾಳಾದ್ರೆ ಹಾಳಾಗಲಿ. ಅಂಕಲ್‌ಗೆ ಇನ್ಮೇಲೆ ಲೀಡರ್ ನೀವೇ ಅಂದ್ರೆ ಸಾಕು, ಯಾಕೆ ಅಂತ ಕೇಳಲ್ಲ." ಆಂಟಿ ಬಾಗಿಲ ಬಳಿ ನಿಂತು ತಿರುಗಿದರು. "ಸಾರಿಗೆ ಒಗ್ಗರಣೆ ಹಾಕ್ತಿದೀನಿ. ಕೈ ತೊಳ್ಕೊಳ್ಳಿ. ಮುಖಾನೂ."

*

ಚೈನೀಸ್ ಹೊಸ ವರ್ಷದ ಹಿಂದಿನ ದಿನ, ಶುಕ್ರವಾರ ಸಂಜೆ, ಚಾಂಗಿ ವಿಮಾನ ನಿಲ್ದಾಣದಲ್ಲಿ 'ಹಿಮ ಕನ್ನಡಿಗರು' ಒಟ್ಟುಗೂಡಿದರು. ಎಲ್ಲರಿಗೂ ಕಾಣಲೆಂದು ಅಂಕಲ್ ಹಳದಿ ಕೆಂಪು ಬಾವುಟ ಹಿಡಿದಿದ್ದರು. ಲೀಡರ್ ಆದ ಮೇಲೆ ಅವರ ನಡೆಯೇ ಬದಲಾಗಿತ್ತು. ಗಾರ್ಗಿ ಒಬ್ಬೊಬ್ಬರ ಪಾಸ್‌ಪೋರ್ಟ್ ನೋಡಿದಳು. ಯಾವ ಟ್ರೈನು, ಯಾವ ಹೋಟೆಲು ಎಂದು ನಾಲ್ಕು ಸಲ ಹೇಳಿದಳು. ಮೇಲಿನ ಮನೆಯ ಬೀದರ್‌ನವರಿಗೆ ಐದನೆಯ ಸಲವೂ ಹೇಳಿದಳು. ರೈಸ್ ಕುಕ್ಕರ್ ಕೊನೆಗೂ ಹೊರಟಿತು, ಯಾರದೋ ತೊಡೆಯ ಮೇಲೆ ಕೂರುವ ಕೂಸಿನಂತೆ ಬಟ್ಟೆ ಸುತ್ತಿಕೊಂಡು.

"ಈಗಲೂ ಏನಾಯ್ತು, ನೀವಿಬ್ಬರೂ ನಾಳೆ ಫ್ಲೈಟ್ ಹಿಡಿದು ಬನ್ನಿ," ಎಂದರು ಅಂಕಲ್.

"ಇಲ್ಲ ಅಂಕಲ್," ಎಂದ ನವನೀತ್. "ನಮ್ದು ಈಗಷ್ಟೇ ಆಯ್ತು."

ಬಾವುಟ ಗಾಜಿನ ಆಚೆ ಮರೆಯಾಯಿತು. ಆಗ ನವನೀತ್ ಒಂದು ಉಸಿರು ಬಿಟ್ಟ. ಪಕ್ಕದಲ್ಲಿ ಟ್ರಾಲಿ ತಳ್ಳುತ್ತಿದ್ದವನೊಬ್ಬ ತಿರುಗಿ ನೋಡುವಷ್ಟು ದೊಡ್ಡ ಉಸಿರು.

ಶನಿವಾರ ಬೆಳಗ್ಗೆ ಊರಿಗೆ ಊರೇ ಬಾಗಿಲು ಹಾಕಿತ್ತು. ನವನೀತ್ ಊಟಕ್ಕೆಂದು ಕಲ್ಲಾಂಗ್‌ನಲ್ಲಿ ನೋಡಿಟ್ಟಿದ್ದ ಜಾಗ ಮುಚ್ಚಿತ್ತು. ಅದು ಮುಚ್ಚಿದ್ದರೆ ಇರಲಿ ಎಂದು ನೋಡಿಟ್ಟಿದ್ದದ್ದೂ ಮುಚ್ಚಿತ್ತು. ಶಟರಿನ ಮೇಲೆ ಕೆಂಪು ಕಾಗದ ಅಂಟಿಸಿ, ಮುಂದಿನ ವಾರ ಸಿಗೋಣ ಎಂದು ಬರೆದಿದ್ದರು.

"ಇಷ್ಟು ವರ್ಷ ಇಲ್ಲಿದೀನಿ," ಎಂದ ತಲೆ ಚಚ್ಚಿಕೊಳ್ಳುವ ದನಿಯಲ್ಲಿ. "ಹೊಸ ವರ್ಷದ ದಿನ ಏನೂ ತೆಗೆದಿರಲ್ಲ ಅಂತ ನನಗೆ ಗೊತ್ತಿರಬೇಕಿತ್ತು!"

"ಸಿಂಗಪುರ ಪೂರ್ತಿ ಕೈಗೆ ಸಿಕ್ತು," ಎಂದಳು ಗಾರ್ಗಿ. "ಬೀಗ ಹಾಕಿ ಕೊಟ್ಟಿದಾರೆ."

ಪೆಟ್ರೋಲ್ ಬಂಕಿನ ಅಂಗಡಿಯೊಂದು ತೆರೆದಿತ್ತು. ಬ್ರೆಡ್ಡು, ಬಾಳೆಹಣ್ಣು, ಬಾಟಲಿ ನೀರು ಕೊಂಡು ನದಿಯ ಪಕ್ಕದ ಬೆಂಚಿನಲ್ಲಿ ಕೂತರು. ಮರದ ನೆರಳು ಅರ್ಧ ಬೆಂಚಿಗೆ ಮಾತ್ರ ಇತ್ತು, ಹಾಗಾಗಿ ಹತ್ತಿರ ಕೂರಬೇಕಾಯಿತು. ಇಬ್ಬರೂ ನೆರಳನ್ನು ದೂರಲಿಲ್ಲ. ನೀರಿನ ಆಚೆ ಕ್ರೀಡಾಂಗಣದ ಬಿಳಿ ಛಾವಣಿ ಬಿಸಿಲಿಗೆ ಹೊಳೆಯುತ್ತಿತ್ತು.

ಗಾರ್ಗಿಯ ಫೋನ್ ಗುಂಯ್‌ಗುಟ್ಟಿತು. ಸಪ್ಪೊರೊದಿಂದ ಮೊದಲ ಫೋಟೋ. ರಸ್ತೆಯ ಬದಿ ಎದೆಯುದ್ದ ಹಿಮದ ಗೋಡೆ. ಪಕ್ಕದಲ್ಲಿ ಕಾಮಾಕ್ಷಿ ಆಂಟಿ, ಕೈಗವಸು ಕಳಚಿ, ಬರಿಗೈಯನ್ನು ಹಿಮದ ಮೇಲಿಟ್ಟು ನಿಂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಕ್ಯಾಮೆರಾ ಇರುವುದೇ ಅವರಿಗೆ ಗೊತ್ತಿದ್ದಂತಿರಲಿಲ್ಲ.

ಇಬ್ಬರೂ ಬಹಳ ಹೊತ್ತು ಅದನ್ನು ನೋಡಿದರು.

"ಇದೊಂದಕ್ಕೋಸ್ಕರ ನಿನ್ನ ಕ್ಷಮಿಸಿದೀನಿ," ಎಂದಳು ಗಾರ್ಗಿ. "ಇದೊಂದಕ್ಕೆ ಮಾತ್ರ."

ನವನೀತ್ ಬಾಳೆಹಣ್ಣು ಸುಲಿದು ಅವಳಿಗೆ ಕೊಟ್ಟ. ಇನ್ನೊಂದನ್ನು ಎತ್ತಿಕೊಂಡ, ಸುಲಿಯಲಿಲ್ಲ. ನದಿಯನ್ನು ನೋಡುತ್ತ ಕೇಳಿದ:

"ರಜೆ ಮುಗಿದ ಮೇಲೆ ಹೆಲ್ಸಿಂಕಿಯವರಿಗೆ ಏನು ಹೇಳ್ತೀಯಾ?"

"ಹೇಳಿ ಆಯ್ತು."

ಬಾಳೆಹಣ್ಣು ಅವನ ಕೈಯಲ್ಲಿ ಹಾಗೇ ನಿಂತಿತು. "ಯಾವಾಗ?"

"ನಿನ್ನೆ. ಏರ್‌ಪೋರ್ಟಿಂದ ವಾಪಸ್ ಬರ್ತಾ. ನೀನು ಪಕ್ಕದಲ್ಲೇ ಕೂತಿದ್ದೆ, ತೂಕಡಿಸ್ತಿದ್ದೆ."

"ಒಂದು ವೀಕೆಂಡ್ ನೋಡ್ಬೇಕು ಅಂದಿದ್ಯಲ್ಲ?"

"ಅವರೆಲ್ಲ ಒಳಗೆ ಹೋದ ಮೇಲೆ ನೀನೊಂದು ಉಸಿರು ಬಿಟ್ಟೆ. ಅದನ್ನ ಯಾರೂ ಬಾಯಿಮಾತಿಗೆ ಬಿಡೋಕಾಗಲ್ಲ."

"ಏನು ಹೇಳ್ದೆ ಅವರಿಗೆ?"

"ಚಳಿ ನನಗೆ ಒಗ್ಗಲ್ಲ ಅಂತ."

"ನೀನು ಚಳೀನೇ ನೋಡಿಲ್ಲ!"

"ಅದನ್ನ ಅವರಿಗೆ ಹೇಳೋಕೆ ಹೋಗ್ಬೇಡ."

ಅವನು ನಗಲು ಹೊರಟ. ನಗು ಅರ್ಧ ದಾರಿಯಲ್ಲಿ ಬೇರೇನೋ ಆಗಿ ಕಣ್ಣಿಗೆ ಬಂತು. "ನಾನು ಹೇಳ್ದೆ ಅಂತ ಬಿಟ್ಯಾ?" ಎಂದ, ಭಯ ಪಟ್ಟವನಂತೆ.

"ನೀನು ಹೇಳಿದ್ದೆಲ್ಲ ಕೇಳೋಳಾಗಿದ್ರೆ ಈಗ ಸಪ್ಪೊರೊದಲ್ಲಿ ಮೊಸರಿಗೆ ಹೆಪ್ಪು ಹಾಕ್ತಿದ್ದೆ. ನನಗೆ ಇಲ್ಲಿರಬೇಕು ಅನ್ನಿಸ್ತು. ಅಷ್ಟೇ."

ನವನೀತ್ ಬಾಳೆಹಣ್ಣನ್ನು ಬೆಂಚಿನ ಮೇಲಿಟ್ಟು ಅವಳ ಕೈ ಹಿಡಿದ. ಹಿಡಿದ ಮರುಕ್ಷಣವೇ, ಅಭ್ಯಾಸಬಲದಿಂದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಸೇತುವೆಯ ಕಡೆ ಒಮ್ಮೆ ಇಣುಕಿದ. ನದಿಯ ದಾರಿಯುದ್ದಕ್ಕೂ ಪರಿಚಯದ ಮುಖ ಒಂದೂ ಇರಲಿಲ್ಲ. ಕೆಂಪು ಅಂಗಿಯ ಅಜ್ಜಿಯೊಬ್ಬಳು ಕಿತ್ತಳೆ ಹಣ್ಣಿನ ಚೀಲ ಹಿಡಿದು ಹಬ್ಬಕ್ಕೆ ಯಾರದೋ ಮನೆಗೆ ಹೋಗುತ್ತಿದ್ದಳು, ಅಷ್ಟೇ.

"ಯಾರಾದ್ರೂ ಇದಾರಾ?" ಎಂದು ಕೇಳಿದಳು ಗಾರ್ಗಿ.

"ಯಾರೂ ಇಲ್ಲ."

"ಹಾಗಾದ್ರೆ ಸುತ್ತ ನೋಡೋದು ಬಿಟ್ಟು ಇಲ್ಲಿ ನೋಡು."

ಅವನು ನೋಡಿದ.